ಎತ್ತು ಹಾಯ್ದ ಗಾಯಕ್ಕೆ ಕೂಡಲೇ ಹೊಲಿಗೆ ಹಾಕಿಸಬಹುದೇ?

ಪ್ರಶ್ನೆ: ತಮ್ಮನ ತೊಡೆಗೆ ಎತ್ತು ಹಾಯ್ದಿದೆ. ಗಾಯ ಎರಡು ಬೆರಳಗಲ, ರಕ್ತವೂ ನಿಂತಿದೆ. ಊರಲ್ಲೇ ಹೊಲಿಗೆ ಹಾಕಿಸಿದರೆ ಸಾಲದೇ?

ಸಾಲದು. ಅವಸರದ ಹೊಲಿಗೆಯೇ ಇಲ್ಲಿ ದೊಡ್ಡ ಅಪಾಯ. ಕೊಂಬು ಚುಚ್ಚಿದ ಮೇಲೆ ಎತ್ತು ತಲೆಯನ್ನು ಮೇಲಕ್ಕೆತ್ತಿ ಕೊಡವುತ್ತದೆ. ಹಾಗಾಗಿ ಚರ್ಮದಲ್ಲಿ ಒಂದೇ ತೂತು ಕಂಡರೂ ಒಳಗೆ ಸ್ನಾಯು ಎರಡು ಮೂರು ದಿಕ್ಕಿಗೆ ಸೀಳಿರಬಹುದು; ತೊಡೆಸಂದಿಗೆ ಹೊಕ್ಕ ಕೊಂಬು ಹೊಟ್ಟೆಯೊಳಗೂ ಹೋಗಿರಬಹುದು. ಸಗಣಿ, ಮಣ್ಣು, ಬಟ್ಟೆಯ ಚೂರು ಆಳದಲ್ಲಿ ಉಳಿಯುತ್ತವೆ. ಮೇಲೆ ಮುಚ್ಚಿಬಿಟ್ಟರೆ ಗಾಳಿಯಾಡದ ಆ ಜಾಗದಲ್ಲಿ ಧನುರ್ವಾಯು, ಗ್ಯಾಸ್ ಗ್ಯಾಂಗ್ರೀನ್ (ಸ್ನಾಯು ಬೇಗ ಕೊಳೆತು ಒಳಗೆ ಗಾಳಿ ತುಂಬುವ ರೋಗ) ರೋಗಾಣುಗಳು ಬೆಳೆಯುತ್ತವೆ.

ಮೊದಲು 108ಕ್ಕೆ ಕರೆ ಮಾಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಮಡಚಿ ಬಿಗಿಯಾಗಿ ಒತ್ತಿಹಿಡಿಯಿರಿ. ನಿಂತಿತೇ ಎಂದು ಪದೇ ಪದೇ ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ ಬೇಡ. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ, ಸಲೈನ್‌ನಲ್ಲಿ ನೆನೆಸಿದ ಶುದ್ಧ ಬಟ್ಟೆ ಹೊದಿಸಿ. ಬಾಯಿಗೆ ನೀರನ್ನೂ ಹಾಕಬೇಡಿ, ಅರಿವಳಿಕೆ ಕೊಡುವಾಗ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡ್ರಿಪ್, ರಕ್ತನಾಳದ ಮೂಲಕ ಆಂಟಿಬಯಾಟಿಕ್, ಧನುರ್ವಾಯು ಲಸಿಕೆ ಕೊಟ್ಟೇ ಮುಂದಕ್ಕೆ ಕಳಿಸಬೇಕು. ಹಿಂದಿನ ಲಸಿಕೆಗಳ ಲೆಕ್ಕ ಗೊತ್ತಿಲ್ಲದಿದ್ದರೆ 250 ಯೂನಿಟ್ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ (ಧನುರ್ವಾಯು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಅದನ್ನು ಲಸಿಕೆ ಚುಚ್ಚಿದ ಕಡೆ ಬಿಟ್ಟು ದೇಹದ ಇನ್ನೊಂದು ಜಾಗಕ್ಕೆ ಚುಚ್ಚಬೇಕು.

ಶಸ್ತ್ರಚಿಕಿತ್ಸಕರು ಅರಿವಳಿಕೆ ಕೊಟ್ಟು ಗಾಯವನ್ನು ಇನ್ನಷ್ಟು ಅಗಲ ಮಾಡುತ್ತಾರೆ. ಪ್ರತಿ ಸೀಳಿನ ಕೊನೆಯವರೆಗೂ ಬೆರಳು ಹೋಗಲೇಬೇಕು. ಒಂದು ಕವಲು ಬಿಟ್ಟುಹೋದರೂ ಕೀವು ಅಲ್ಲೇ ಕಟ್ಟುತ್ತದೆ. ಕಪ್ಪಿಟ್ಟ, ಚಿಮಟದಲ್ಲಿ ಹಿಡಿದರೆ ಮಿಡುಕದ, ಕತ್ತರಿಸಿದರೆ ರಕ್ತ ಒಸರದ ಸ್ನಾಯು ಸತ್ತಂತೆ, ಅದನ್ನು ತೆಗೆಯುತ್ತಾರೆ. ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆದು, ಸಡಿಲವಾಗಿ ಡ್ರೆಸಿಂಗ್ ಮಾಡಿ ಗಾಯವನ್ನು ತೆರೆದೇ ಬಿಡುತ್ತಾರೆ. 3ರಿಂದ 5 ದಿನದ ನಂತರ ಶುದ್ಧವಾಗಿದ್ದರೆ ಹೊಲಿಗೆ. "ಇನ್ನೂ ಹೊಲಿದೇ ಇಲ್ಲ" ಎಂದು ಮನೆಯವರು ಜಗಳಕ್ಕಿಳಿಯಬಾರದು, ಅದೇ ಸರಿಯಾದ ಕ್ರಮ. ಈ ನಡುವೆ ನೋವು ವಿಪರೀತ ಏರಿದರೆ, ಬಾವು ಹರಡಿದರೆ, ಚರ್ಮ ಒತ್ತಿದಾಗ ಚರಚರ ಎಂದರೆ ಗ್ಯಾಂಗ್ರೀನ್ ಶಂಕೆ. ಅದೇ ಗಂಟೆಯಲ್ಲಿ ಮತ್ತೆ ಆಪರೇಷನ್ ಆಗಬೇಕು.

ಚರ್ಮ ಹರಿಯದ ಪೆಟ್ಟನ್ನೂ ಕಡೆಗಣಿಸಬೇಡಿ. ಹಾವೇರಿ, ಶಿಕಾರಿಪುರದ ಕಡೆ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಹೊಟ್ಟೆಗೆ ಗುದ್ದಿಸಿಕೊಂಡವರು ಎದ್ದು ನಡೆದರೂ, ಒಳಗೆ ಗುಲ್ಮ (ಎಡ ಪಕ್ಕೆಲುಬಿನಡಿಯ ಅಂಗ, ಸ್ಪ್ಲೀನ್) ಒಡೆದಿರಬಹುದು, ಕರುಳು ಹರಿದಿರಬಹುದು. ಹೊಟ್ಟೆ ಬಿಗಿಯಾದರೆ, ವಾಂತಿಯಾದರೆ, ತಲೆಸುತ್ತಿ ಬೆವರಿದರೆ ಸ್ಕ್ಯಾನಿಂಗ್ ಮತ್ತು ಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.