ಸುತ್ತಲೂ ಕಾಳಿದ್ದರೂ ಅವರು ಯಾಕೆ ತಿನ್ನಲಿಲ್ಲ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಲೆನಿನ್‌ಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ನಗರದ ವಿಜ್ಞಾನಿಗಳು ಅಕ್ಕಿ, ಗೋಧಿ, ಶೇಂಗಾ ಬೀಜಗಳ ಮಧ್ಯೆ ಇದ್ದುಕೊಂಡೇ ಹಸಿವಿನಿಂದ ಸತ್ತರು ಅಂತ ಓದಿದೆ. ಇದು ನಿಜವಾ? ನಿಜವಾದರೆ ಯಾಕೆ ತಿನ್ನಲಿಲ್ಲ? ಕೊನೇಪಕ್ಷ ಜನರಿಗಾದರೂ ಹಂಚಬಹುದಿತ್ತಲ್ವಾ?

ನಿಜ. ಅಲ್ಲಿನ ಸಸ್ಯ ಸಂಶೋಧನಾ ಸಂಸ್ಥೆಯ ಬೀಜ ಸಂಗ್ರಹದಲ್ಲಿ ಅಕ್ಕಿ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದಿಮಿತ್ರಿ ಇವಾನೊವ್ ಹಸಿವಿನಿಂದ ಸತ್ತಾಗ ಅವರ ಸುಪರ್ದಿಯಲ್ಲಿ ಸಾವಿರಾರು ಪೊಟ್ಟಣ ಅಕ್ಕಿ ಹಾಗೇ ಇತ್ತು. ಶೇಂಗಾ ತಜ್ಞ ಅಲೆಕ್ಸಾಂಡರ್ ಶ್ಚುಕಿನ್ ತಮ್ಮ ಮೇಜಿನ ಮುಂದೆ ಕೂತಲ್ಲೇ ಪ್ರಾಣಬಿಟ್ಟರು. ಓಟ್ಸ್ ತಳಿಗಳ ಲಿಡಿಯಾ ರೋದಿನಾ ಕೂಡ ಉಳಿಯಲಿಲ್ಲ. ಒಟ್ಟು ಎಷ್ಟು ಜನ ಅನ್ನುವುದಕ್ಕೆ ಬೇರೆ ಬೇರೆ ಬರಹಗಳಲ್ಲಿ ಒಂಬತ್ತರಿಂದ ಇಪ್ಪತ್ತೆಂಟರವರೆಗೆ ಲೆಕ್ಕ ಸಿಗುತ್ತದೆ.

‘ಯಾಕೆ’ ಅನ್ನುವುದಕ್ಕೆ ಉತ್ತರ ಬೇಕಾದರೆ ಮೊದಲು ಆ ಊರಿನ ಹಸಿವು ಎಂಥದ್ದು ಅಂತ ತಿಳಿಯಬೇಕು. 1941ರ ಸೆಪ್ಟೆಂಬರ್ 8ಕ್ಕೆ ಜರ್ಮನ್ ಸೇನೆ ಲೆನಿನ್‌ಗ್ರಾಡ್‌ಗೆ ಹೋಗುವ ಕೊನೆಯ ನೆಲದ ದಾರಿಯನ್ನೂ ಮುಚ್ಚಿತು. ಊರೊಳಗೆ 25 ಲಕ್ಷದಷ್ಟು ಜನ ಇದ್ದರು. ನಗರವನ್ನು ನುಗ್ಗಿ ಹಿಡಿಯುವ ಬದಲು ಹಸಿವಿನಿಂದಲೇ ಸಾಯಿಸಬೇಕು ಅನ್ನುವುದು ಹಿಟ್ಲರ್‌ನ ಲೆಕ್ಕಾಚಾರ. ಅದೇ ದಿನ ಬಾದಾಯೆವ್ ಗೋದಾಮುಗಳ ಮೇಲೆ ಬಾಂಬು ಬಿದ್ದು ಹಿಟ್ಟು, ಸಕ್ಕರೆ ಎಲ್ಲ ಸುಟ್ಟುಹೋಯಿತು. ಕರಗಿದ ಸಕ್ಕರೆ ನೆಲಕ್ಕಿಳಿಯಿತು. ಆಮೇಲೆ ಜನ ಆ ಮಣ್ಣನ್ನೇ ಅಗೆದು ತಂದು, ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಸಿಹಿ ನೀರು ಕುಡಿದರು. ಅಂಥ ಮಣ್ಣಿಗೆ ಸಂತೆಯಲ್ಲಿ ಬೆಲೆಯೂ ಬಂತು.

ನವೆಂಬರ್ 20ರ ಹೊತ್ತಿಗೆ ರೇಷನ್ ತೀರಾ ಕೆಳಗಿಳಿಯಿತು. ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ ಬ್ರೆಡ್. ಕಚೇರಿ ನೌಕರರು, ಮಕ್ಕಳು, ಮನೆಯಲ್ಲಿರುವವರಿಗೆ 125 ಗ್ರಾಂ. ಅದೂ ಶುದ್ಧ ಹಿಟ್ಟಿನದ್ದಲ್ಲ. ನಮ್ಮಲ್ಲಿ ದನಕ್ಕೆ ಹಾಕುವಂಥ ಹತ್ತಿಬೀಜದ ಹಿಂಡಿ, ಮರದಿಂದ ತೆಗೆದ ನಾರಿನ ಪುಡಿ ಎಲ್ಲ ಸೇರಿಸಿದ್ದು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ನಲ್ಲಿಯಲ್ಲಿ ನೀರಿಲ್ಲ, ಮನೆಯಲ್ಲಿ ದೀಪವಿಲ್ಲ, ಟ್ರಾಮ್ ನಿಂತಿದೆ. 872 ದಿನಗಳ ಆ ಮುತ್ತಿಗೆಯಲ್ಲಿ ಎಂಟು ಲಕ್ಷದಿಂದ ಹತ್ತು ಲಕ್ಷ ನಾಗರಿಕರು ಸತ್ತರು ಅಂತ ಅಂದಾಜು. ಹೆಚ್ಚಿನವರು ಸತ್ತಿದ್ದು ಹಸಿವಿನಿಂದಲೇ.

ಬೀಜಗಳಿದ್ದದ್ದು ಊರಿನ ನಟ್ಟನಡುವೆ, ಸೇಂಟ್ ಐಸಾಕ್ ಚೌಕದ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ. ಅದನ್ನು ಕಟ್ಟಿ ಬೆಳೆಸಿದವರು ನಿಕೊಲಾಯ್ ವಾವಿಲೊವ್. ಅವರೂ ಅವರ ತಂಡದವರೂ ಅಫ್ಘಾನಿಸ್ತಾನ, ಇಥಿಯೋಪಿಯಾ, ದಕ್ಷಿಣ ಅಮೆರಿಕ ಅಂತ ಊರೂರು ಸುತ್ತಿ ರೈತರ ಹೊಲದಿಂದ, ಸಂತೆಯಿಂದ ಬೀಜ ಕೂಡಿಸಿದ್ದರು. ಅವರ ಉದ್ದೇಶ ಒಂದೇ: ರೋಗ, ಬರ, ಚಳಿ ತಡೆಯುವ ತಳಿಗಳನ್ನು ಹುಡುಕಿ ಜಗತ್ತಿನ ಬರಗಾಲ ನಿಲ್ಲಿಸುವುದು. ಆಗ ಅಷ್ಟು ದೊಡ್ಡ ಬೀಜ ಸಂಗ್ರಹ ಬೇರೆಲ್ಲೂ ಇರಲಿಲ್ಲ. ಮುತ್ತಿಗೆ ಶುರುವಾಗುವ ಹೊತ್ತಿಗೆ ವಾವಿಲೊವ್ ಮಾತ್ರ ಅಲ್ಲಿರಲಿಲ್ಲ. 1940ರ ಆಗಸ್ಟ್‌ನಲ್ಲಿ ಸ್ಟಾಲಿನ್‌ನ ಪೊಲೀಸರು ಅವರನ್ನು ಹಿಡಿದುಕೊಂಡು ಹೋಗಿದ್ದರು. ತಳಿವಿಜ್ಞಾನವನ್ನೇ ಒಪ್ಪದ ಕೃಷಿ ವಿಜ್ಞಾನಿ ಲೈಸೆಂಕೊ ಆಗ ಸರ್ಕಾರದ ಅಚ್ಚುಮೆಚ್ಚು. ಅವನನ್ನು ಎದುರು ಹಾಕಿಕೊಂಡಿದ್ದಕ್ಕೆ ವಾವಿಲೊವ್ ತೆತ್ತ ಬೆಲೆ ಅದು. 1943ರ ಜನವರಿಯಲ್ಲಿ ಅವರು ಸರಾತೊವ್ ಜೈಲಿನಲ್ಲಿ ಸತ್ತರು. ಹಸಿವು ನಿಲ್ಲಿಸಲು ಜೀವ ತೇದ ಮನುಷ್ಯನ ದೇಹ ಜೈಲಿನಲ್ಲಿ ಅನ್ನವಿಲ್ಲದೆ ಸವೆದುಹೋಯಿತು. ಇದನ್ನು ಎಷ್ಟು ಸಲ ಓದಿದರೂ ನನಗೆ ಸಂಕಟವಾಗುತ್ತದೆ.

ಹಾಗಾಗಿ ಅಲ್ಲಿ ಉಳಿದವರ ಪರಿಸ್ಥಿತಿ ನೋಡಿ. ಹೊರಗೆ ಶತ್ರು. ಕಟ್ಟಿ ಬೆಳೆಸಿದ ಗುರುವನ್ನು ತಮ್ಮದೇ ಸರ್ಕಾರ ದೇಶದ್ರೋಹಿ ಅಂದಿದೆ. ಊರಿನ ಮ್ಯೂಸಿಯಂನ ಚಿತ್ರಗಳು, ವಿಗ್ರಹಗಳು ಬೇಸಿಗೆಯಲ್ಲೇ ರೈಲಿನಲ್ಲಿ ಸುರಕ್ಷಿತ ಊರಿಗೆ ಹೋಗಿವೆ. ಬೀಜದ ಬಹುಪಾಲು ಇಲ್ಲೇ ಉಳಿದಿದೆ.

ಕಾಯುವ ಕೆಲಸ ಸುಲಭದ್ದಲ್ಲ. ತಗಡಿನ ಡಬ್ಬಿಗಳಲ್ಲಿ ಬೀಜ ಇಟ್ಟಿದ್ದರು. ಇಲಿಗಳು ಡಬ್ಬಿಯನ್ನು ಕಪಾಟಿನಿಂದ ಕೆಳಗೆ ಬೀಳಿಸಿ ಮುಚ್ಚಳ ತೆರೆದುಕೊಳ್ಳುವುದನ್ನು ಕಲಿತವು. ಅದಕ್ಕೆ ಡಬ್ಬಿಗಳನ್ನು ಒಟ್ಟೊಟ್ಟಿಗೆ ಕಟ್ಟಿ, ಬೀಳಿಸಲಾಗದಷ್ಟು ಭಾರ ಮಾಡಿದರು. ಆಲೂಗಡ್ಡೆಯದು ಇನ್ನೊಂದು ಪಾಡು. ಅದು ಒಣಬೀಜವಲ್ಲ, ಹೆಪ್ಪುಗಟ್ಟಿದರೆ ಸತ್ತೇಹೋಗುತ್ತದೆ. ಊರಾಚೆಯ ಪಾವ್ಲೋವ್ಸ್ಕ್ ಹೊಲದಲ್ಲಿದ್ದ ಗಡ್ಡೆಗಳನ್ನು ಅಬ್ರಹಾಂ ಕಾಮೆರಾಜ್, ಓಲ್ಗಾ ವೊಸ್ಕ್ರೆಸೆನ್‌ಸ್ಕಯಾ ಮೊದಲಾದವರು ಶೆಲ್ ಬೀಳುತ್ತಿರುವಾಗಲೇ ಅಗೆದು ಊರೊಳಗೆ ತಂದಿದ್ದರು. ಚಳಿಗಾಲ ಪೂರ್ತಿ ವಾದಿಂ ಲೆಖ್ನೊವಿಚ್ ಮತ್ತು ಜೊತೆಗಾರರು ಸಿಕ್ಕ ಸಿಕ್ಕ ಕಟ್ಟಿಗೆ ಹುಡುಕಿ ತಂದು, ನೆಲಮಾಳಿಗೆಯಲ್ಲಿ ಒಲೆ ಉರಿಸಿದರು. ತಮ್ಮ ಮನೆಯಲ್ಲಿ ಬೆಂಕಿ ಇಲ್ಲದವರು ಗಡ್ಡೆಗೆ ಬಿಸಿ ಕೊಟ್ಟರು.

ಈಗ ‘ಯಾಕೆ’ಗೆ ಬರೋಣ. ಇದನ್ನು ದೈವಭಕ್ತಿಯಂಥ ಕಥೆ ಮಾಡಿ ಹೇಳುವವರು ಜಾಸ್ತಿ. ನನಗೆ ಅದು ಸಾಲದು ಅನಿಸುತ್ತದೆ. ಅವರು ಮನಸ್ಸನ್ನೊಂದೇ ನಂಬಿಕೊಂಡು ಕೂರಲಿಲ್ಲ. ಬೀಜದ ಕೋಣೆಗೆ ಯಾರೂ ಒಬ್ಬರೇ ಹೋಗುವಂತಿರಲಿಲ್ಲ. ಕಾವಲು ಸರದಿಯ ಮೇಲೆ ನಡೆಯುತ್ತಿತ್ತು. ಹಸಿದ ಮನುಷ್ಯ ಒಂಟಿಯಾಗಿದ್ದಾಗ ಏನಾಗಬಹುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಬ್ಬರಿಗೊಬ್ಬರು ಕಾವಲಾದರು. ಇದರಿಂದ ಅವರ ಮೇಲಿನ ಗೌರವ ನನಗೆ ಇನ್ನೂ ಹೆಚ್ಚಿತು.

ಲೆಖ್ನೊವಿಚ್ ಅವರನ್ನು ಮುಂದೆ ಇದೇ ಪ್ರಶ್ನೆ ಕೇಳಿದ್ದರು. ಬೆಳಿಗ್ಗೆ ಏಳುವುದು, ಕೈಕಾಲು ಆಡಿಸುವುದು ಕಷ್ಟವಾಗಿತ್ತು, ಬೀಜ ತಿನ್ನದೇ ಇರುವುದು ಕಷ್ಟವಾಗಿರಲಿಲ್ಲ ಅನ್ನುವ ಅರ್ಥದಲ್ಲಿ ಅವರು ಉತ್ತರಿಸಿದರು. ಅದು ತಮ್ಮ, ತಮ್ಮ ಜೊತೆಗಾರರ ಇಡೀ ಬದುಕಿನ ಕೆಲಸ ಅಂದರು. ಬಿತ್ತನೆ ಬೀಜಕ್ಕೆ ಕೈಹಾಕದೆ ಬರ ದಾಟುವ ರೈತರ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನರಿಗೆ ಹಂಚಬಹುದಿತ್ತಲ್ವಾ ಅನ್ನುವುದು ನಿಮ್ಮ ಕೊನೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಲೆಕ್ಕ ಹಾಕಿ ನೋಡಿ. ರೇಷನ್ ಅಷ್ಟು ಕಡಿಮೆ ಇದ್ದಾಗಲೂ ನಗರಕ್ಕೆ ದಿನಕ್ಕೆ 500 ಟನ್‌ನಷ್ಟು ಹಿಟ್ಟು ಬೇಕಿತ್ತು. ಸಂಗ್ರಹದಲ್ಲಿದ್ದ ಕಾಳು ಕೆಲವೇ ಟನ್. ಹಂಚಿದ್ದರೆ ಊರಿಗೆ ಒಂದು ಹೊತ್ತಿಗೂ ಸಾಲುತ್ತಿರಲಿಲ್ಲ. ಆದರೆ ಆ ಕಟ್ಟಡದಲ್ಲಿದ್ದವರ ಜೀವ ಖಂಡಿತ ಉಳಿಯುತ್ತಿತ್ತು. ಕಷ್ಟದ ಆಯ್ಕೆ ಅಂದರೆ ಇದೇ. ಬೀಜ ಬಿಟ್ಟುಕೊಟ್ಟರೆ ಉಳಿಯುವುದು ತಮ್ಮ ಪ್ರಾಣ, ಕಳೆದುಹೋಗುವುದು ಮತ್ತೆ ಎಲ್ಲೂ ಸಿಗದ ತಳಿಗಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವರನ್ನು ಅಳತೆಗೋಲು ಮಾಡಿಕೊಂಡು ಆ ಊರಿನ ಉಳಿದವರನ್ನು ಅಳೆಯಬಾರದು. ಅಲ್ಲಿ ರೇಷನ್ ಚೀಟಿಗಾಗಿ ಕೊಲೆಗಳಾದವು. ಸತ್ತವರ ಚೀಟಿ ಕೈಬಿಡಬಾರದು ಅಂತ ಹೆಣವನ್ನು ಮನೆಯಲ್ಲೇ ಇಟ್ಟುಕೊಂಡವರಿದ್ದರು. ನರಮಾಂಸ ತಿಂದ ಆರೋಪದ ಮೇಲೆ ಬಂಧನವಾದವರೂ ಇದ್ದರು. ವಿಜ್ಞಾನಿಗಳು ತ್ಯಾಗ ಮಾಡಿದ್ದು ತಮ್ಮ ಪ್ರಾಣವನ್ನು. ಮಡಿಲಲ್ಲಿ ಹಸಿದ ಮಗು ಇಟ್ಟುಕೊಂಡ ತಾಯಿಯ ಮುಂದಿದ್ದ ಆಯ್ಕೆಯೇ ಬೇರೆ. ಅವಳ ಬಗ್ಗೆ ತೀರ್ಪು ಕೊಡುವ ಹಕ್ಕು ಹೊಟ್ಟೆ ತುಂಬ ಉಂಡ ನಮಗಿಲ್ಲ.

ನವೆಂಬರ್ ಕೊನೆಯಲ್ಲಿ ಊರಿನ ಪೂರ್ವಕ್ಕಿರುವ ಲಡೋಗಾ ಸರೋವರ ಹೆಪ್ಪುಗಟ್ಟಿದ ಮೇಲೆ ಲಾರಿಗಳು ಹಿಮದ ಮೇಲೆ ಹಿಟ್ಟು ತರತೊಡಗಿದವು. ಅದೇ ದಾರಿಯಲ್ಲಿ ಮುಂದೆ ಬೀಜದ ಒಂದು ಭಾಗವನ್ನು ಯುರಲ್ ಬೆಟ್ಟಗಳ ಕಡೆಗೆ ಸಾಗಿಸಿದರು. 1942ರ ವಸಂತ ಬರುತ್ತಲೇ ಊರಿನ ಪಾರ್ಕುಗಳೆಲ್ಲ ತರಕಾರಿ ತೋಟಗಳಾದವು. ಸಂಸ್ಥೆಯ ಎದುರಿನ ಐಸಾಕ್ ಚೌಕದಲ್ಲೇ ಹೆಂಗಸರು ಎಲೆಕೋಸು ಬೆಳೆದರು. ಆಗ ತೆಗೆದ ಫೋಟೋಗಳು ಇವತ್ತಿಗೂ ಇವೆ.

ಉಕ್ರೇನ್, ಕ್ರೈಮಿಯಾ ಕಡೆ ಇದೇ ಸಂಸ್ಥೆಯ ತೋಟಗಳಿದ್ದವು. ಅಲ್ಲಿನ ಬೀಜವನ್ನು 1943ರಲ್ಲಿ ಜರ್ಮನ್ ಎಸ್‌ಎಸ್ ಪಡೆಯವರು ಹುಡುಕಿ ಹೊತ್ತೊಯ್ದರು. ಬೀಜದ ಬೆಲೆ ಶತ್ರುವಿಗೂ ಗೊತ್ತಿತ್ತು. ಲೆನಿನ್‌ಗ್ರಾಡ್‌ನ ಸಂಗ್ರಹ ಮಾತ್ರ ಉಳಿಯಿತು. ಯುದ್ಧದ ನಂತರ ಅದರಿಂದ ಹೊಸ ತಳಿಗಳು ಬಂದವು. 1955ರಲ್ಲಿ ವಾವಿಲೊವ್ ಮೇಲಿನ ಆರೋಪಗಳನ್ನು ರದ್ದು ಮಾಡಿದರು. ಆಮೇಲೆ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು.

ಆಲೂಗಡ್ಡೆ ಅಗೆದು ತಂದ ಪಾವ್ಲೋವ್ಸ್ಕ್ ಜಾಗಕ್ಕೆ 2010ರಲ್ಲಿ ಮತ್ತೆ ಕುತ್ತು ಬಂತು. ಅಲ್ಲಿ ಹಣ್ಣು, ಬೆರ್ರಿಗಳ ಸಾವಿರಾರು ತಳಿಗಳಿವೆ, ಬಹುಪಾಲು ಬೇರೆಲ್ಲೂ ಇಲ್ಲ. ಅದರ ಜಮೀನನ್ನು ಮನೆ ಕಟ್ಟಲು ಕೊಡಬಹುದು ಅಂತ ಕೋರ್ಟು ಹೇಳಿತ್ತು. ದೇಶ ವಿದೇಶಗಳ ವಿಜ್ಞಾನಿಗಳು ದನಿ ಎತ್ತಿದರು. ಕೊನೆಗೆ 2012ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.