ಕಷ್ಟ ಬಂದಿದ್ದು ನಮ್ಮ ಪಾಪಕ್ಕೆ ಶಿಕ್ಷೆಯಾ?

ಪ್ರಶ್ನೆ: "ಪ್ರತಿ ಭಾನುವಾರ ತಪ್ಪದೆ ಸಭೆಗೆ ಹೋಗುತ್ತೇವೆ, ಉಪವಾಸ ಪ್ರಾರ್ಥನೆಯನ್ನೂ ಬಿಟ್ಟಿಲ್ಲ. ಆದರೂ ನಮ್ಮ ಯಜಮಾನರ ಎರಡೂ ಕಿಡ್ನಿ ಹೋಗಿವೆ. ನಿಮ್ಮ ಮನೆಯಲ್ಲಿ ಯಾವುದೋ ಗುಪ್ತ ಪಾಪ ಇದೆ, ಒಪ್ಪಿಕೊಳ್ಳಿ ಅಂತ ಸಭೆಯವರೇ ಹೇಳುತ್ತಿದ್ದಾರೆ. ಇದು ನಿಜವಾ?" (ಜಮಖಂಡಿ ತಾಲೂಕಿನ ಓದುಗರು)

ಇಲ್ಲ ಅಕ್ಕ, ನಿಜ ಅಲ್ಲ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಊರು ಬೇರೆ, ಕಾಯಿಲೆ ಬೇರೆ, ಆದರೆ ಆ "ಗುಪ್ತ ಪಾಪ" ಮಾತ್ರ ಎಲ್ಲ ಕಡೆ ಅದೇ. "ಮಾಡಿದ್ದನ್ನು ಉಣ್ಣಬೇಕು" ಅಂತ ಚಿಕ್ಕಂದಿನಿಂದ ಕೇಳುತ್ತಾ ಬೆಳೆದವರು ನಾವು, ಸಭೆಗೆ ಬಂದ ಮೇಲೂ ಅದನ್ನೇ ಸತ್ಯವೇದದಲ್ಲಿ (ಬೈಬಲಿನಲ್ಲಿ) ಬರೆದಿದೆ ಅಂದುಕೊಂಡಿದ್ದೇವೆ.

ಏನು ಬರೆದಿದೆ ಅಂತ ತೆಗೆದು ನೋಡಿ. ಯೋಬನ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ಅವನು ನಿರ್ದೋಷಿ ಅಂತ ಮೊದಲನೇ ಅಧ್ಯಾಯದಲ್ಲೇ ದೇವರು ಹೇಳುತ್ತಾನೆ. ಮಕ್ಕಳು ಸತ್ತರು, ಆಸ್ತಿ ಹೋಯಿತು, ಮೈತುಂಬ ಹುಣ್ಣು. ಎಲೀಫಜ, ಬಿಲ್ದದ, ಚೋಫರ ಅಂತ ಮೂವರು ಗೆಳೆಯರು ಬಂದು 7 ದಿನ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿವರೆಗೆ ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟ ಮೇಲೆ ಕೆಟ್ಟರು. ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಸತ್ತಿರಬೇಕು ಅಂತ, ಮಕ್ಕಳನ್ನು ಕಳೆದುಕೊಂಡ ಅಪ್ಪನ ಎದುರಿಗೇ ಬಿಲ್ದದ ಹೇಳಿಬಿಟ್ಟ! ನಿಮ್ಮ ಸಭೆಯವರು ಹೇಳುತ್ತಿರುವುದೂ ಅದೇ ಧಾಟಿ ಅಲ್ವಾ? ಕೊನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದಿದ್ದು ಆ ಮೂವರ ಮೇಲೆ. ನೀನು ನನಗೇಕೆ ಹೀಗೆ ಮಾಡಿದೆ ಅಂತ ದೇವರನ್ನೇ ಜಗ್ಗಿ ಕೇಳಿದ ಯೋಬ ಸರಿಯಾಗಿ ಮಾತಾಡಿದ ಅಂತಲೂ, ಅವನೇ ನಿಮಗೋಸ್ಕರ ಪ್ರಾರ್ಥನೆ ಮಾಡಲಿ ಅಂತಲೂ ತೀರ್ಪಾಯಿತು. ಇಷ್ಟು ದೊಡ್ಡ ಪುಸ್ತಕ ಇರುವಾಗ ಆ ಮೂವರ ವಾದವನ್ನೇ ಪ್ರಸಂಗದಲ್ಲಿ ಹೇಳುತ್ತಾರಲ್ಲ, ಅದಕ್ಕೆ ನನಗೆ ಬೇಜಾರು.

ಯೇಸುಸ್ವಾಮಿಯನ್ನೂ ಇದನ್ನೇ ಕೇಳಿದ್ದರು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂದರು. ಯಾರೂ ಅಲ್ಲ ಅಂದು, ಕೆಸರು ಕಲಸಿ ಕಣ್ಣಿಗೆ ಹಚ್ಚಿ ಅವನಿಗೆ ಕಣ್ಣು ಕೊಟ್ಟ. ಲೂಕ 13ರಲ್ಲಿ ಸಿಲೋವದ ಬುರುಜು ಬಿದ್ದು ಸತ್ತ 18 ಜನರ ಮಾತು ಬರುತ್ತದೆ. ಅವರು ಯೆರೂಸಲೇಮಿನ ಉಳಿದವರಿಗಿಂತ ಜಾಸ್ತಿ ಪಾಪಿಗಳಾಗಿದ್ದರಾ? ಇಲ್ಲ ಅಂತ ಯೇಸುವೇ ಹೇಳುತ್ತಾನೆ.

"ಯೋಹಾನ 5ರಲ್ಲಿ ಇನ್ನು ಪಾಪ ಮಾಡಬೇಡ ಅಂತ ರೋಗಿಗೆ ಹೇಳಿಲ್ವಾ?" ಅಂತ ತಕ್ಷಣ ಕೇಳುವವರಿದ್ದಾರೆ. ಹೇಳಿದ್ದಾನೆ. 38 ವರ್ಷ ಮಲಗಿದ್ದವನನ್ನು ಮೊದಲು ಎಬ್ಬಿಸಿ ನಡೆಸಿ, ಆಮೇಲೆ, ಅವನೊಬ್ಬನಿಗೇ ಹೇಳಿದ್ದಾನೆ. ಮನುಷ್ಯನ ಮನಸ್ಸನ್ನು ಬಲ್ಲವನು ಆಡಿದ ಮಾತನ್ನು ನೆರೆಮನೆಯವರ ಮಂಚದ ಪಕ್ಕ ನಿಂತು ನಾವು ಆಡಬಹುದಾ? ಕುಡಿದು ಲಿವರ್ ಹಾಳು ಮಾಡಿಕೊಂಡವರು ಇದ್ದಾರೆ, ನಿಜ. ಅದರಿಂದ ಎಲ್ಲ ರೋಗಿಗಳೂ ಅಪರಾಧಿಗಳು ಅಂತ ಲೆಕ್ಕ ಹಾಕುವುದು ಅನ್ಯಾಯ.

ನಮ್ಮ ಸೀಮೆಯವರಿಗಂತೂ ಇದು ಗೊತ್ತಿರಲೇಬೇಕು. 2019ರ ಆಗಸ್ಟ್‌ನಲ್ಲಿ ಘಟ್ಟದ ಮೇಲೆ ವಿಪರೀತ ಮಳೆಯಾಗಿ, ಜಲಾಶಯಗಳಿಂದ ನೀರು ಬಿಟ್ಟು, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಒಳ್ಳೆಯವರ ಮನೆ ಯಾವುದು, ಕೆಟ್ಟವರ ಮನೆ ಯಾವುದು ಅಂತ ಆ ನೀರು ನೋಡಿತಾ? 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇವತ್ತಿನ ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ, ಹೊಟ್ಟೆಗಿಲ್ಲದೆ ಸತ್ತ ಕೂಸುಗಳು ಯಾವ ಪಾಪ ಮಾಡಿದ್ದವು?

ಹಾಗಾದರೆ ಕಷ್ಟ ಯಾಕೆ? ಯೋಬನಿಗೂ ದೇವರು ಕಾರಣ ಹೇಳಲಿಲ್ಲ, ಅವನ ಎದುರಿಗೆ ಬಂದು ಮಾತಾಡಿದ. ನನ್ನ ನಂಬಿಕೆ ನಿಂತಿರುವುದು ಇಲ್ಲೇ. ಸತ್ತ ಗೆಳೆಯ ಲಾಜರನ ಸಮಾಧಿ ಹತ್ತಿರ ಅತ್ತವನು, ಶಿಲುಬೆಯ ಮೇಲೆ "ನನ್ನನ್ನು ಯಾಕೆ ಕೈಬಿಟ್ಟೆ" ಅಂತ ಕೂಗಿದವನು ನಮ್ಮ ಕರ್ತ. ಪಾಪವೇ ಇಲ್ಲದವನು ಅಷ್ಟು ನೋವು ತಿಂದ ಮೇಲೆ, ನೋವಿದ್ದಲ್ಲೆಲ್ಲ ಪಾಪ ಹುಡುಕುವುದು ಯಾವ ಲೆಕ್ಕ? ಮೂರನೇ ದಿನ ಅವನು ಎದ್ದು ಬಂದ, ಹಾಗಾಗಿ ನಿಮ್ಮ ಯಜಮಾನರ ಕಥೆ ಕಾಯಿಲೆಗೇ ಮುಗಿಯುವುದಿಲ್ಲ ಅಂತ ನಾನು ನಂಬುತ್ತೇನೆ. ಪ್ರಾರ್ಥನೆಗೆ ಬಾಯಿ ಬರದ ದಿನ ಕೀರ್ತನೆ 88 ಓದಿ. ಶುರುವಿನಿಂದ ಕೊನೆತನಕ ಬರೀ ಗೋಳು, ಆದರೂ ಅದು ಪ್ರಾರ್ಥನೆಯೇ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ನಂಬಿಕೆ ಇದ್ದರೆ ಡಯಾಲಿಸಿಸ್ ಯಾಕೆ, ಗುಳಿಗೆ ಯಾಕೆ" ಅನ್ನುವವರು ನಾಳೆ ಬಂದೇ ಬರುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಕಿಡ್ನಿ ಕೆಲಸ ಮಾಡದಿದ್ದಾಗ ಡಯಾಲಿಸಿಸ್ ತಪ್ಪಿಸಿದರೆ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಅಪೊಸ್ತಲನಾದ ಪೌಲನ ಜೊತೆಗಿದ್ದ ಲೂಕ ವೈದ್ಯ. ಹೊಟ್ಟೆನೋವಿದ್ದ ಶಿಷ್ಯ ತಿಮೊಥೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲನೇ ಬರೆದ. ಜೊತೆಗಾರ ತ್ರೊಫಿಮನನ್ನು ಕಾಯಿಲೆ ಇದ್ದಂತೆಯೇ ಮಿಲೇತ ಊರಲ್ಲಿ ಬಿಟ್ಟು ಬಂದ, ನಿನಗೆ ನಂಬಿಕೆ ಸಾಲದು ಅಂತ ಬೈಯಲಿಲ್ಲ. ನಮ್ಮ ಕಡೆ ಸುವಾರ್ತೆ ತಂದ ಬಾಸೆಲ್ ಮಿಷನ್‌ನವರೂ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದರು. ಯಾಕೋಬನು ತನ್ನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಸಭೆಯ ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿ ಅಂತ ಹೇಳುತ್ತಾನೆ. ಮಾಡಿಸಿ. ಔಷಧಿ ಬಿಡಿ ಅಂತ ಅಲ್ಲಿ ಒಂದು ಅಕ್ಷರವೂ ಇಲ್ಲ.