ಯುರೇಟ್: ಹಾವಿನ ಹಿಕ್ಕೆಯಲ್ಲಿ ಕಾಣುವ ಸುಣ್ಣದಂಥ ಗಡ್ಡೆ

ಹಲ್ಲಿ ಹಿಕ್ಕೆ ಗುಡಿಸದ ಮನೆ ನಮ್ಮಲ್ಲಿಲ್ಲ. ಕಪ್ಪಗಿನ ಒಂದು ಕಡ್ಡಿ, ಅದರ ತುದಿಗೆ ಸುಣ್ಣ ಮೆತ್ತಿದ ಹಾಗೆ ಬಿಳಿ ಚುಕ್ಕೆ. ಆ ಬಿಳಿಯ ಹೆಸರು ಯುರೇಟ್. ಪಾರಿವಾಳಗಳು ಬಾಲ್ಕನಿಯ ಕಟಕಟೆ ಮೇಲೆ ಬಿಟ್ಟು ಹೋಗುವ ಬಿಳಿ ಕಲೆಯೂ ಅದೇ. ಸಾಕಿದ ಹಾವಿನ ಪೆಟ್ಟಿಗೆಯಲ್ಲಿ ಮಲದ ಪಕ್ಕ ಬಿದ್ದಿರುವ ಸೀಮೆಸುಣ್ಣದ ತುಂಡಿನಂಥದ್ದೂ ಅದೇ. ಹೊಸದಾಗಿ ಹಾವು ತಂದವರು ಇದನ್ನು ಹುಳದ ಗಂಟು ಎಂದೋ ಮೊಟ್ಟೆ ಎಂದೋ ತಿಳಿದು ಗಾಬರಿಯಾಗುತ್ತಾರೆ. ಅದು ಹಾವಿನ ಮೂತ್ರ, ಗಟ್ಟಿಯಾದ ರೂಪದಲ್ಲಿ. ಹಾವಿನ ಮೈಯಲ್ಲಿ ನೀರು ಎಷ್ಟಿದೆ ಎಂಬುದನ್ನು ಕಂದು ಬಣ್ಣದ ಮಲಕ್ಕಿಂತ ಈ ಬಿಳಿ ಗಡ್ಡೆ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಮಾಂಸ ತಿಂದ ಪ್ರಾಣಿಯ ಮೈಯಲ್ಲಿ ಪ್ರೋಟೀನ್ ಒಡೆದಾಗ ಸಾರಜನಕದ ಕಸ ಉಳಿಯುತ್ತದೆ. ಮೀನುಗಳು ಹೆಚ್ಚಾಗಿ ಅದನ್ನು ಅಮೋನಿಯಾ ರೂಪದಲ್ಲಿ ಸುತ್ತಲಿನ ನೀರಿಗೆ ಬಿಡುತ್ತವೆ. ಮನುಷ್ಯ, ದನ, ನಾಯಿಗಳ ದೇಹ ಅದನ್ನು ಯೂರಿಯಾ ಮಾಡಿ, ನೀರಿನಲ್ಲಿ ಕರಗಿಸಿ ಹೊರಹಾಕುತ್ತದೆ. ಹಾವು, ಹಲ್ಲಿ, ಹಕ್ಕಿಗಳು ಮಾಡುವುದು ಯೂರಿಕ್ ಆಮ್ಲ. ಯೂರಿಯಾದ ಒಂದು ಅಣುವಿನಲ್ಲಿ ಸಾರಜನಕದ 2 ಪರಮಾಣುಗಳಿದ್ದರೆ ಯೂರಿಕ್ ಆಮ್ಲದ ಒಂದು ಅಣುವಿನಲ್ಲಿ 4 ಇರುತ್ತವೆ. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಹೊರಗೆ ಸಾಗಿಸಲು ಹೆಚ್ಚು ನೀರು ಬೇಡ. ಈ ಆಮ್ಲ ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂಗಳ ಜತೆ ಸೇರಿ ಆದ ಲವಣವೇ ಯುರೇಟ್. ನಮ್ಮಲ್ಲಿ ಹಿರಿಯರು ಕಾಲಿನ ಹೆಬ್ಬೆರಳು ಊದಿಕೊಂಡು ಡಾಕ್ಟರ ಬಳಿ ಹೋದಾಗ 'ಯೂರಿಕ್ ಆಸಿಡ್ ಜಾಸ್ತಿ ಇದೆ' ಎಂದು ಕೇಳಿ ಬರುತ್ತಾರಲ್ಲ, ವಸ್ತು ಅದೇ.

ಈ ಆಮ್ಲವನ್ನು ಮೊದಲು ಗುರುತಿಸಿದವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ. 1776ರಲ್ಲಿ, ಮನುಷ್ಯರ ಮೂತ್ರಕೋಶದ ಕಲ್ಲಿನಲ್ಲಿ. 1815ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಬೋವಾ ಹಾವಿನ ವಿಸರ್ಜನೆಯನ್ನು ಪರೀಕ್ಷಿಸಿ, ಅದರಲ್ಲಿ ನೂರಕ್ಕೆ ಸುಮಾರು 90 ಭಾಗ ಯೂರಿಕ್ ಆಮ್ಲವೇ ಎಂದು ಕಂಡುಕೊಂಡರು. ಆಮೇಲೆ ರಸಾಯನಶಾಸ್ತ್ರಜ್ಞರಿಗೆ ಯೂರಿಕ್ ಆಮ್ಲ ಬೇಕಾದಾಗಲೆಲ್ಲ ಹಾವಿನ ಹಿಕ್ಕೆ ಒಳ್ಳೆಯ ಮೂಲವಾಯಿತು.

ಹಾವಿಗೆ ಮೂತ್ರಕೋಶವಿಲ್ಲ. ಮೂತ್ರಪಿಂಡದ ನಾಳಗಳು ನೇರವಾಗಿ ಕ್ಲೊಯೇಕಾ ಎಂಬ ಕೋಣೆಗೆ ಬಂದು ಸೇರುತ್ತವೆ. ಮಲ, ಯುರೇಟ್, ಮೊಟ್ಟೆ ಎಲ್ಲಕ್ಕೂ ಬಾಲದ ಬುಡದಲ್ಲಿರುವ ಅದೊಂದೇ ಬಾಗಿಲು. ಹೊರಗೆ ಹೋಗುವ ಮುನ್ನ ಉಳಿದ ನೀರನ್ನು ಕರುಳಿನ ಕೊನೆಯ ಭಾಗ ಮತ್ತೆ ಹೀರಿಕೊಳ್ಳುತ್ತದೆ. ಅಲ್ಲಿ ಎಷ್ಟು ಹೀರಲಾಯಿತು ಎಂಬುದರ ಮೇಲೆ ಗಡ್ಡೆಯ ಮೆದುತನ ನಿಂತಿದೆ. ಹೀಗಾಗಿಯೇ ಅದನ್ನು ಓದಲು ಕಲಿಯಬೇಕು.

ಮುಂದಕ್ಕೆ ಹೋಗುವ ಮುನ್ನ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ಹೊರದೇಶದ ಹಾವುಗಳ ವಿಷಯ. ನಮ್ಮ ಹೆಬ್ಬಾವು, ಕೇರೆ, ನಾಗರಗಳನ್ನಾಗಲಿ, ಮಹಾರಾಷ್ಟ್ರದಲ್ಲಿ ಮಾಂಡೂಳ್ ಎಂದು ಕರೆಯುವ, ಕಳ್ಳಪೇಟೆಯವರು 'ಎರಡು ತಲೆಯ ಹಾವು' ಎಂದು ಮಾರುವ ಮಣ್ಣುಮುಕ್ಕನನ್ನಾಗಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಬಾಲ್ ಪೈಥಾನ್, ಕಾಡುಜೀವಿಗಳ ದೇಶದೇಶಗಳ ನಡುವಿನ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆ ಕಾಗದಗಳಿಲ್ಲದ ಹಾವನ್ನು ತರಲೇಬೇಡಿ. ಕಾಗದವಿಲ್ಲದವರು ವೈದ್ಯರ ಬಳಿ ಹೋಗಲು ಹಿಂಜರಿಯುತ್ತಾರೆ, ಅದರಿಂದ ನರಳುವುದು ಹಾವು.

ಆರೋಗ್ಯವಾಗಿರುವ ಹಾವಿನ ಹಿಕ್ಕೆಯಲ್ಲಿ ಮೂರು ಭಾಗ ಕಾಣಬೇಕು. ಇಲಿಯ ಕೂದಲು ಸೇರಿದ ಕಡುಕಂದು ಬಣ್ಣದ ಗಟ್ಟಿ ಮಲ, ಬಿಳಿ ಯುರೇಟ್, ಸುತ್ತ ಸ್ವಲ್ಪ ತಿಳಿ ನೀರು. ಯುರೇಟ್ ಹೊಸದಾಗಿದ್ದಾಗ ಎಲೆಯಡಿಕೆಗೆ ಹಚ್ಚುವ ಸುಣ್ಣದ ಹದದಿಂದ ಒದ್ದೆ ಸೀಮೆಸುಣ್ಣದ ಹದದವರೆಗೆ ಎಲ್ಲಿದ್ದರೂ ಸರಿ. ಬಿಳಿ, ಕೆನೆಬಣ್ಣ, ಬಲು ತೆಳು ಹಳದಿ, ಇವು ಮೂರೂ ಸಹಜ. ಉರಿದು ಮುಗಿದ ಊದುಬತ್ತಿಯ ಕಡ್ಡಿಯಿಂದ ಅದನ್ನು ಮೆಲ್ಲಗೆ ಒತ್ತಿ ನೋಡಿ. ಮೆತ್ತಗೆ ಒಡೆದರೆ ಚಿಂತೆಯಿಲ್ಲ. ರವೆಯ ಹಾಗೆ ತರಿತರಿಯಾಗಿದ್ದು ಬಣ್ಣವೂ ಕಡುಹಳದಿಗೆ ತಿರುಗಿದ್ದರೆ ಹಾವು ಸಾಕಷ್ಟು ನೀರು ಕುಡಿಯುತ್ತಿಲ್ಲ. ಅರಿಶಿನದ ಕೊಂಬಿನ ಚೂರಿನಂತೆ ಕಿತ್ತಳೆ ಬಣ್ಣಕ್ಕೆ ಬಂದು, ಕಡ್ಡಿಗೂ ಬಗ್ಗದಷ್ಟು ಗಟ್ಟಿಯಾಗಿದ್ದರೆ ಆ ವಾರವೇ ಸರೀಸೃಪಗಳನ್ನು ನೋಡುವ ವೈದ್ಯರಿಗೆ ತೋರಿಸಬೇಕು.

ಬಣ್ಣ ನೋಡುವುದರಲ್ಲಿ ಎರಡು ಕಡೆ ಮೋಸ ಹೋಗುವುದು ಹೆಚ್ಚು. ಮೊದಲನೆಯದು, ಎರಡು ದಿನ ಬಿದ್ದಿದ್ದ ಯುರೇಟ್ ಒಣಗಿ ಗಟ್ಟಿಯಾಗಿ ತಾನೇ ಹಳದಿಯಾಗುತ್ತದೆ. ಇನ್ನೊಂದು, ತೆಂಗಿನ ನಾರಿನ ಪುಡಿ ಹಾಸಿದ್ದರೆ ಅದರ ಕಂದು ಬಣ್ಣ ಯುರೇಟಿಗೆ ಅಂಟುತ್ತದೆ. ಆದ್ದರಿಂದ ಮೊದಲ ಒಂದೆರಡು ತಿಂಗಳು ಪೆಟ್ಟಿಗೆಗೆ ಮುದ್ರಣವಿಲ್ಲದ ಬಿಳಿ ಕಾಗದ ಅಥವಾ ಅಡುಗೆಮನೆಯ ಟಿಶ್ಯೂ ಹಾಸಿ. ಅಂದ ಕಡಿಮೆಯಾದರೂ ರಕ್ತದ ಚುಕ್ಕೆ, ಲೋಳೆ, ಹುಳ, ಮೈಗೆ ಹತ್ತುವ ಕರಿ ಉಣುಗು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಉಣುಗುಗಳ ಹಿಕ್ಕೆ ಹಾವಿನ ಹುರುಪೆಗಳ ಮೇಲೆ ಬೂದಿ ಉದುರಿದ ಹಾಗೆ ಬಿಳಿ ಪುಡಿಯಾಗಿ ಕಾಣುವುದುಂಟು, ಅದನ್ನು ಯುರೇಟ್ ಎಂದುಕೊಳ್ಳಬೇಡಿ.

ಹಸಿರು ಬಣ್ಣದ್ದು ಬೇರೆಯೇ ಕಥೆ. ಹಾವಿನ ಪಿತ್ತದ ಬಣ್ಣವೇ ಹಸಿರು. ವಾರಗಟ್ಟಲೆ ತಿನ್ನದ ಹಾವಿನಲ್ಲಿ ಆ ಪಿತ್ತ ಯುರೇಟಿನ ಜತೆ ಸ್ವಲ್ಪ ಬರುವುದುಂಟು. ಚೆನ್ನಾಗಿ ತಿನ್ನುತ್ತಿರುವ ಹಾವಿನಲ್ಲಿ ಎರಡು ಮೂರು ಸಲ ಸತತವಾಗಿ ಗಾಢ ಹಸಿರು ಕಂಡರೆ ಯಕೃತ್ತಿನ ತೊಂದರೆ ಇರಬಹುದು. ಕೆಂಪು ಬಣ್ಣ ಕಂಡರೆ ಕಾಯದೆ ವೈದ್ಯರಿಗೆ ತೋರಿಸಿ. ಅದರಲ್ಲೂ ಲೋಳೆ ಮತ್ತು ರಕ್ತ ಸೇರಿ ದುರ್ನಾತ ಬರುತ್ತಿದ್ದರೆ ಎಂಟಮೀಬಾ ಎಂಬ ಅಮೀಬಾದ ಸೋಂಕು ಇರಬಹುದು, ಅದು ಹಾವನ್ನು ಬೇಗ ಕೊಲ್ಲುತ್ತದೆ.

'ಬಿಳಿ ಮಾತ್ರ ಹಾಕುತ್ತಿದೆ, ಮಲವೇ ಇಲ್ಲ' ಎಂಬುದು ಹೊಸಬರ ದೊಡ್ಡ ಆತಂಕ. ಉಪವಾಸವಿದ್ದರೂ ದೇಹದ ಪ್ರೋಟೀನ್ ಒಡೆಯುತ್ತಲೇ ಇರುತ್ತದೆ, ಆದ್ದರಿಂದ ಯುರೇಟ್ ಬರುತ್ತಲೇ ಇರುತ್ತದೆ. ಬಾಲ್ ಪೈಥಾನ್ ಎರಡು ಮಲದ ನಡುವೆ ಒಂದೆರಡು ಸಲ ಬರೀ ಯುರೇಟ್ ಹಾಕುವುದು ಮಾಮೂಲು. ಕಾರ್ನ್ ಸ್ನೇಕ್ ತಿಂದ ಎರಡರಿಂದ ಏಳು ದಿನದೊಳಗೆ ಮಲ ಹಾಕಿಬಿಡುತ್ತದೆ. ಬಾಲ್ ಪೈಥಾನ್‌ಗೆ ಒಂದರಿಂದ ನಾಲ್ಕು ವಾರ ಹಿಡಿಯಬಹುದು, ಎಷ್ಟೋ ಸಲ ಪೊರೆ ಬಿಡುವವರೆಗೆ ತಡೆದುಕೊಂಡಿದ್ದು ಅದಾದ ಮೇಲೆ ಒಟ್ಟಿಗೆ ಹಾಕುತ್ತದೆ. ದಿನ ಎಣಿಸುವುದಕ್ಕಿಂತ ಊಟ ಎಣಿಸಿ. ಮೂರು ಊಟ ಒಳಗೆ ಹೋಗಿ ಮಲ ಬಂದಿಲ್ಲ, ಬಾಲದ ಬುಡದ ಮುಂಭಾಗ ಉಬ್ಬಿದೆ ಎಂದಾದರೆ ನಾಲ್ಕನೆಯ ಊಟ ಕೊಡಬೇಡಿ.

ಆಗ ಮೊದಲು ನೋಡಬೇಕಾದದ್ದು ಥರ್ಮಾಮೀಟರ್. ಹಾವಿನ ಜೀರ್ಣಶಕ್ತಿ ಹೊರಗಿನ ಶಾಖವನ್ನೇ ನಂಬಿದೆ. ಬಾಲ್ ಪೈಥಾನ್ ಪೆಟ್ಟಿಗೆಯ ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿ 25ರಿಂದ 27 ಇರಬೇಕು. ಕಾರ್ನ್ ಸ್ನೇಕ್‌ಗೆ 29ರಿಂದ 31, ತಂಪು ತುದಿ 24ರ ಸುಮಾರು. ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್ ಇದ್ದರೆ, ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು. ಅದರ ಸೆನ್ಸರ್ ಮ್ಯಾಟಿನ ಮೇಲೆ ಸರಿಯಾಗಿ ಕೂತಿದೆಯೇ ನೋಡಿ. ಜಾರಿ ಬಿದ್ದ ಸೆನ್ಸರ್‌ನಿಂದ ಹೊಟ್ಟೆ ಸುಟ್ಟುಕೊಂಡ ಹಾವುಗಳಿವೆ. ಶಾಖ ಸರಿಯಿದ್ದೂ ಮಲ ಬಾರದಿದ್ದರೆ, ಮುಚ್ಚಳವಿರುವ ಡಬ್ಬಿಯಲ್ಲಿ 28ರಿಂದ 30 ಡಿಗ್ರಿಯ ನೀರು ಹಾಕಿ, ಹಾವಿನ ಮೈದಪ್ಪದ ಅರ್ಧದಷ್ಟು ಮಾತ್ರ. ಮುಚ್ಚಳದಲ್ಲಿ ಗಾಳಿಗೆ ತೂತಿರಲಿ. 15ರಿಂದ 20 ನಿಮಿಷ ಬಿಡಿ, ಅಷ್ಟು ಹೊತ್ತೂ ಪಕ್ಕದಲ್ಲೇ ಇರಿ. ಹರಳೆಣ್ಣೆ ಕುಡಿಸುವುದು, ಹೊಟ್ಟೆ ಅಮುಕುವುದು ಬೇಡವೇ ಬೇಡ. ಒಳಗಿರುವುದು ಕಲ್ಲಾದ ಯುರೇಟ್ ಆಗಿದ್ದರೆ ಅಮುಕಿದಾಗ ಕರುಳು ಹರಿಯಬಹುದು, ಇಲ್ಲವೇ ಕ್ಲೊಯೇಕಾದ ಒಳಪದರ ಹೊರಗೆ ಜಾರಬಹುದು. ಹಾಗೆ ಕೆಂಪು ಮಾಂಸ ಹೊರಬಂದರೆ ಒಳಗೆ ತಳ್ಳಬೇಡಿ, ಸಲೈನಿನಲ್ಲಿ ನೆನೆಸಿದ ಶುಭ್ರ ಬಟ್ಟೆ ಸುತ್ತಿ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.

ಇನ್ನು ಊರಿನ ಹವೆ. ಮುಂಬಯಿಯವರು ಸಾಮಾನ್ಯವಾಗಿ ಹೇಳುವುದು, ನಮ್ಮಲ್ಲಿ ಗಾಳಿಯೇ ಒದ್ದೆ, ಹಾವಿಗೆ ನೀರಿನ ಕೊರತೆ ಎಲ್ಲಿಂದ ಬರಬೇಕು ಎಂದು. ಆದರೆ ಹಾವಿನ ಪೆಟ್ಟಿಗೆ ಇರುವುದು ಬಹಳ ಮನೆಗಳಲ್ಲಿ ಎಸಿ ಹಾಕುವ ಮಲಗುವ ಕೋಣೆಯಲ್ಲಿ. ರಾತ್ರಿ ಎಂಟು ಗಂಟೆ ಎಸಿ ಓಡಿದರೆ ಕೋಣೆಯ ತೇವ ಇಳಿಯುತ್ತದೆ, ಬೆಚ್ಚಗಿನ ತುದಿಯೂ ತಣ್ಣಗಾಗುತ್ತದೆ. ಯುರೇಟ್ ಹಳದಿಯಾಗುವುದು ಇಲ್ಲಿ ಏಪ್ರಿಲ್, ಮೇನಲ್ಲಿ, ಕಾರಣ ಹೊರಗಿನ ಬಿಸಿಲಲ್ಲ, ಒಳಗಿನ ಎಸಿ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯೊಳಗೆ ತೇವಾಂಶ ನೂರಕ್ಕೆ 55ರಿಂದ 70, ಕಾರ್ನ್ ಸ್ನೇಕ್‌ಗೆ 40ರಿಂದ 60 ಬೇಕು. ತೇವ ಅಳೆಯುವ ಹೈಗ್ರೋಮೀಟರನ್ನು ಪೆಟ್ಟಿಗೆಯೊಳಗೇ ಇಡಿ, ಕೋಣೆಯ ಗೋಡೆಯ ಮೇಲೆ ತೂಗುಹಾಕಿದರೆ ಪ್ರಯೋಜನವಿಲ್ಲ. ಜೂನ್‌ನಿಂದ ಸಮಸ್ಯೆ ತಿರುಗಾಮುರುಗಾ. ಹಾಸು ಆರುವುದೇ ಇಲ್ಲ, ಹೊಟ್ಟೆಯ ಹುರುಪೆಗಳು ಕೆಂಪಾಗಿ ಕೊಳೆಯತೊಡಗುತ್ತವೆ. ಯುರೇಟೂ ಒದ್ದೆ ಕಾಗದದಲ್ಲಿ ಹರಡಿಹೋಗಿ ಓದಲು ಬರುವುದಿಲ್ಲ, ಆದ್ದರಿಂದ ಕಾಗದವನ್ನು ದಿನಾ ಬದಲಿಸಿ. ಗೋವೆಯಲ್ಲೂ ಹೆಚ್ಚುಕಡಿಮೆ ಇದೇ.

ಪುಣೆಯದು ಬೇರೆ. ಡಿಸೆಂಬರ್, ಜನವರಿಯ ರಾತ್ರಿ 10 ಡಿಗ್ರಿಯ ಸುಮಾರಿಗೆ ಇಳಿಯುವುದುಂಟು. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಗಾಳಿಯ ತೇವ ನೂರಕ್ಕೆ 30ಕ್ಕಿಂತ ಕೆಳಗೆ ಹೋಗುತ್ತದೆ. ಪೊರೆ ಒಂದೇ ತುಂಡಾಗಿ ಕಳಚದೆ ಚೂರುಚೂರಾಗಿ ಬರುವುದು, ಕಣ್ಣಿನ ಮೇಲಿನ ಪೊರೆ ಉಳಿದುಕೊಳ್ಳುವುದು, ಯುರೇಟ್ ಗಟ್ಟಿಯಾಗುವುದು, ಇವೆಲ್ಲ ಅಲ್ಲಿ ಒಟ್ಟಿಗೆ ಕಾಣುತ್ತವೆ. ಮೂಲ ಒಂದೇ. ಮುಚ್ಚಳವಿರುವ ಸಣ್ಣ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ಒದ್ದೆ ಮಾಡಿ ಹಿಂಡಿದ ಪಾಚಿ ಅಥವಾ ಟಿಶ್ಯೂ ತುಂಬಿ ಬೆಚ್ಚಗಿನ ತುದಿಯ ಹತ್ತಿರ ಇಡಿ. ನೀರಿನ ಬೋಗುಣಿ ಹಾವು ಸುತ್ತಿ ಕೂರುವಷ್ಟು ಅಗಲ, ಮಗುಚದಷ್ಟು ಭಾರ ಇರಲಿ. ನೀರು ದಿನಾ ಬದಲಾಗಲಿ. ಅದರಲ್ಲೇ ಹಿಕ್ಕೆ ಹಾಕಿದ್ದರೆ ಬೋಗುಣಿಯನ್ನು ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ, ಅಡುಗೆಮನೆಯ ಸಿಂಕಿನಲ್ಲಿ ಮಾತ್ರ ಬೇಡ. ಆರೋಗ್ಯವಾಗಿರುವ ಹಾವಿನ ಹಿಕ್ಕೆಯಲ್ಲೂ ಮನುಷ್ಯರಿಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಈ ಎಚ್ಚರ ಇಮ್ಮಡಿ ಇರಬೇಕು.

ಊಟದ ಅಳತೆಯೂ ಯುರೇಟಿನಲ್ಲಿ ಕಾಣುತ್ತದೆ. ಮರಿಗೆ ಅದರ ತೂಕದ ನೂರಕ್ಕೆ 10ರಿಂದ 15ರಷ್ಟಿನ ಇಲಿ, ಐದರಿಂದ ಏಳು ದಿನಕ್ಕೊಮ್ಮೆ. 100 ಗ್ರಾಂ ಮರಿಗೆ 10ರಿಂದ 15 ಗ್ರಾಂನ ಇಲಿ ಎಂದಾಯಿತು. ಬೆಳೆದ ಬಾಲ್ ಪೈಥಾನ್‌ಗೆ ಎರಡು ಮೂರು ವಾರಕ್ಕೊಂದು ಸಾಕು. ಪ್ರೀತಿಯಿಂದ ಎರಡೆರಡು ಇಲಿ ತಿನ್ನಿಸಿದರೆ ಪ್ರೋಟೀನ್ ಹೆಚ್ಚುತ್ತದೆ, ಯೂರಿಕ್ ಆಮ್ಲ ಹೆಚ್ಚುತ್ತದೆ, ಅದನ್ನು ಹೊರಗೆ ತಳ್ಳಲು ಮೂತ್ರಪಿಂಡಕ್ಕೆ ನೀರೂ ಹೆಚ್ಚು ಬೇಕು. ನೀರು ಸಾಲದಾದಾಗ ಯುರೇಟ್ ಮೂತ್ರಪಿಂಡದಲ್ಲಿ, ಹೃದಯದ ಹೊರಪದರದಲ್ಲಿ, ಕೀಲುಗಳಲ್ಲಿ ಸುಣ್ಣದಂತೆ ಕೂರುತ್ತದೆ. ನಮ್ಮ ಹಿರಿಯರ ಹೆಬ್ಬೆರಳು ಊದಿಸುವ ಗೌಟ್ ರೋಗವೇ ಇದು, ಹಾವಿನಲ್ಲಿ. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಒಳಗೆ ಬಹಳ ಹಾಳಾಗಿರುತ್ತದೆ.

ಪರೀಕ್ಷೆಗೆ ಮಾದರಿ ಒಯ್ಯುವುದಾದರೆ ಅದೇ ದಿನದ್ದು ಇರಲಿ. ಕಂದು ಮತ್ತು ಬಿಳಿ ಎರಡನ್ನೂ ಗಾಳಿಯಾಡದ ಸಣ್ಣ ಡಬ್ಬಿಗೆ ಹಾಕಿ, ದಿನಾಂಕ ಮತ್ತು ಸಮಯ ಬರೆಯಿರಿ. ಬರೀ ಯುರೇಟಿನಿಂದ ಹುಳದ ಪರೀಕ್ಷೆ ಆಗುವುದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯಿಂದ ನಗರದೊಳಗಿನ ಪರೇಲಿನವರೆಗೆ ಲೋಕಲ್‌ನಲ್ಲಿ ಹೋಗುವಷ್ಟು ಹೊತ್ತಿಗೆ ಏನೂ ಆಗದು. ಮರುದಿನಕ್ಕೆ ಇಡಬೇಕಾದರೆ ಐಸ್ ಪ್ಯಾಕ್ ಹಾಕಿದ ಥರ್ಮಕೋಲ್ ಡಬ್ಬಿಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ವೈದ್ಯರಿಗೆ ಅಮೀಬಾದ ಅನುಮಾನವಿದ್ದರೆ ತಣ್ಣಗಾಗದ, ಆಗಷ್ಟೇ ಹಾಕಿದ ಮಾದರಿ ಬೇಕಾಗುತ್ತದೆ. ವರದಿಯಲ್ಲಿ ಹುಳದ ಮೊಟ್ಟೆ ಇದೆ ಎಂದು ಬಂದರೆ ಒಂದು ಪ್ರಶ್ನೆ ಕೇಳಿ: ಅದು ಹಾವಿನ ಹುಳವೋ, ಹಾವು ತಿಂದ ಇಲಿಯ ಹುಳವೋ? ಇಲಿಯ ಕರುಳಿನ ಸೂಜಿಹುಳದ ಮೊಟ್ಟೆ, ಇಲಿಯ ತುಪ್ಪಳದ ಉಣುಗು ಹಾವಿನ ಹಿಕ್ಕೆಯಲ್ಲಿ ಹಾಗೇ ಹಾದುಬರುತ್ತವೆ. ಅವಕ್ಕೆ ಹಾವಿಗೆ ಔಷಧ ಬೇಡ.

ಮನೆಯಲ್ಲಿ ಉಳಿದ ಮನುಷ್ಯರ ಆಂಟಿಬಯೋಟಿಕ್ ಯಾವತ್ತೂ ಕೊಡಬೇಡಿ. ಹಾವುಗಳಿಗೆ ವೈದ್ಯರು ಕೊಡುವ ಅಮಿಕಾಸಿನ್ ಎಂಬ ಆಂಟಿಬಯೋಟಿಕ್ ಒಳ್ಳೆಯ ಔಷಧವೇ, ಆದರೆ ನೀರಿನ ಕೊರತೆಯಿರುವ ಹಾವಿಗೆ ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಹಾಗಾಗಿ ಮೂಗಿನಲ್ಲಿ ಗುಳ್ಳೆ ಬರುತ್ತಿದೆ, ಬಾಯಿ ತೆರೆದು ಉಸಿರಾಡುತ್ತಿದೆ ಎಂದು ಚಿಕಿತ್ಸೆಗೆ ಒಯ್ದಾಗಲೂ ಕೊನೆಯ ಯುರೇಟ್ ಯಾವ ದಿನ ಬಂತು, ಯಾವ ಬಣ್ಣದ್ದಿತ್ತು, ಕಡ್ಡಿಗೆ ಒಡೆಯಿತೋ ಇಲ್ಲವೋ ಎಂಬುದನ್ನು ಮೊದಲು ಹೇಳಿ. ಇಂಜೆಕ್ಷನ್ನಿಗೆ ಮುಂಚೆ ಹಾವಿಗೆ ಸಲೈನ್ ಕೊಡಬೇಕೇ ಎಂದು ತೀರ್ಮಾನಿಸಲು ವೈದ್ಯರಿಗೆ ಅದು ನೆರವಾಗುತ್ತದೆ.